ನೂರು ಸಲ

‘ಊರನ್ನು ಸ್ವಚ್ಛವಾಗಿಡುವವರು ಯಾರು?’ ಎಂಬ ಪ್ರಶ್ನೆಗೆ ‘ನಮ್ಮವ್ವ’ ಎಂದು ಬರೆದ ದುರುಗಮ್ಮನಿಗೆ ಮೇಷ್ಟ್ರು ಸೊನ್ನೆ ಸುತ್ತಿದರು.

“ಪುಸ್ತಕದಲ್ಲಿ ಗ್ರಾಮ ಪಂಚಾಯ್ತಿಯವರು ಅಂತ ಇದೆಯಲ್ಲೇ?”

“ದಿನಾ ಬೀದಿ ಗುಡಿಸೋಳು ನಮ್ಮವ್ವ, ಸಾ.”

“ನಿಮ್ಮವ್ವ ಪುಸ್ತಕದಲ್ಲಿ ಇದಾಳೇನು?”

ತರಗತಿ ಗೊಳ್ಳೆಂದಿತು. ಸರಿಯುತ್ತರವನ್ನು ನೂರು ಸಲ ಬರೆಯುವ ಶಿಕ್ಷೆ ಬಿತ್ತು. ಬರೆದು ಬಾತ ಅವಳ ಬೆರಳು ನೀವುತ್ತಾ ಅವ್ವ, “ಅವರು ಹೇಳಿದ್ದನ್ನೇ ಹೇಳು ಮಗಾ, ಎದುರಾಡಬ್ಯಾಡ” ಎಂದಳು.

ಮರುವಾರ ಶಾಲೆಯ ಕಕ್ಕಸು ಕಟ್ಟಿಕೊಂಡಿತು. ಮೇಷ್ಟ್ರು ಮೂಗು ಮುಚ್ಚಿಕೊಂಡೇ ತರಗತಿಗೆ ಬಂದರು.

“ದುರುಗೀ, ಓಡಿಹೋಗಿ ನಿಮ್ಮವ್ವನ್ನ ಕರ್ಕೊಂಡು ಬಾ. ಪೊರಕೆ, ಬಕೆಟ್ಟು ತರ್ಲಿ.”

ಅವಳು ಎದ್ದಳು, ಆದರೆ ಬಾಗಿಲತ್ತ ಹೆಜ್ಜೆ ಇಡಲಿಲ್ಲ. ಕೈಕಟ್ಟಿ ನಿಂತು ಪಾಠ ಒಪ್ಪಿಸಿದಳು:

“ಊರನ್ನು ಸ್ವಚ್ಛವಾಗಿಡುವವರು ಗ್ರಾಮ ಪಂಚಾಯ್ತಿಯವರು, ಸಾ.”