ಮಾವನ ಮನೆ ಹೊಳೆಗೆ ಬಿದ್ದದ್ದು

ಹೊಸ ನಕ್ಷೆಯಲ್ಲಿ ಜಿಪಾರಳ ಮಾವನ ಮನೆ ನಾರಿನ್ ಹೊಳೆಯ ನಟ್ಟನಡುವೆ ನಿಂತಿತ್ತು. ಮನೆಯಷ್ಟೇ ಅಲ್ಲ, ಕುರಿದೊಡ್ಡಿ, ಆಲೂಗಡ್ಡೆ ಹೊಲ, ಹೋದ ವರ್ಷವಷ್ಟೇ ಹಾಕಿಸಿದ ನೀಲಿ ಗೇಟು, ಎಲ್ಲವೂ. ಕರಡು ನಕ್ಷೆ ನೋಡಿದ ನೀರಾವರಿ ಇಲಾಖೆಯಿಂದ ಬೆಳಿಗ್ಗೆ ಚಹಾದ ಜೊತೆಗೇ ನೋಟೀಸು ಬಂದಿತ್ತು: ಹೊಳೆಯ ಪಾತ್ರದಲ್ಲಿರುವ ಮನೆಯನ್ನು ತಿಂಗಳೊಳಗೆ ತೆರವು ಮಾಡತಕ್ಕದ್ದು. ಮಾವ ರೊಟ್ಟಿಯನ್ನು ಅರ್ಧಕ್ಕೇ ಬಿಟ್ಟು, ಕುದುರೆ ಹತ್ತಿ, ನೇರವಾಗಿ ಸೊಸೆ ಕೆಲಸ ಮಾಡುವ ಭೂಮಾಪನ ಕಚೇರಿಗೆ ಬಂದಿದ್ದರು.

"ಹುಟ್ಟಿದಾಗಿಂದ ಆ ಮನೇಲೇ ಇದ್ದೀನಿ. ನೋಡಮ್ಮ, ಎಲ್ಲಾದ್ರೂ ಒದ್ದೆ ಆಗಿದೆಯಾ?" ಎಂದು ಬೂಟುಗಾಲು ಎತ್ತಿ ತೋರಿಸಿದರು.

ಪಕ್ಕದ ಮೇಜಿನ ಜೆಂಗಿಷ್ ಸುಮ್ಮನಿರಬೇಕಲ್ಲ. ದಾರಿ ಹೇಳುವ ಫೋನಿನ ಹೆಣ್ಣುದನಿಯಲ್ಲಿ ಶುರುಮಾಡಿದ: "ನೂರು ಮೀಟರ್ ಮುಂದೆ ಎಡಕ್ಕೆ ತಿರುಗಿ. ಮುಳುಗಿ. ನೀವು ನಿಮ್ಮ ಮನೆಯನ್ನು ತಲುಪಿದ್ದೀರಿ."

"ಯಾರದು ಆ ಹುಡುಗಿ?"

"ಹುಡುಗಿಯಲ್ಲ ಆತಾ, ನಮ್ಮ ಜೆಂಗಿಷ್. ಅವನಿಗೆ ಬೇರೆ ಕಸುಬಿಲ್ಲ," ಎಂದು ಜಿಪಾರ್ ಪರದೆಯ ಕಡೆ ಬಾಗಿದಳು. ಹಿರಿಯರನ್ನು ಅಲ್ಲಿ 'ಆತಾ' ಎನ್ನುತ್ತಾರೆ, ಅಪ್ಪ ಎಂದರ್ಥ.

ಆದದ್ದಿಷ್ಟು. ಊರಿನ ಹಳೆಯ ನಕ್ಷೆ ಸೋವಿಯತ್ ಕಾಲದ್ದು. ಭೂಮಿ ಅಳೆಯಲು ಆಗಿನವರು ಹಿಡಿದ ಲೆಕ್ಕವೇ ಬೇರೆ. ಕಚೇರಿಗೆ ಬಂದ ಹೊಸ ತಂತ್ರಾಂಶದ್ದು ಉಪಗ್ರಹದ ಲೆಕ್ಕ. ಎರಡರ ನಡುವೆ ನೂರು ಮೀಟರಿನ ಆಸುಪಾಸು ವ್ಯತ್ಯಾಸ. ಹಾಗಾಗಿ ಹಳೆಯದನ್ನು ಹೊಸದರೊಳಗೆ ಹಾಕುವಾಗ ಪ್ರತಿಯೊಂದು ಮನೆಯ ಅಂಕಿಗಳನ್ನೂ ಈ ಲೆಕ್ಕದಿಂದ ಆ ಲೆಕ್ಕಕ್ಕೆ ಪರಿವರ್ತಿಸಬೇಕು. ಜಿಪಾರ್ ಪರಿವರ್ತಿಸಿದ್ದಳು. ಮಸೀದಿ, ಶಾಲೆ, ಅಂಗಡಿ ಎಲ್ಲ ಸರಿದು ತಂತಮ್ಮ ಜಾಗದಲ್ಲಿ ಕೂತಿದ್ದವು. ಸರಿಯದವರು ಮಾವ ಒಬ್ಬರೇ. ಹಳೆಯ ಅಂಕಿಗಳನ್ನೇ ಹಿಡಿದುಕೊಂಡು ಹೊಸ ನಕ್ಷೆಯೊಳಕ್ಕೆ ಬಂದು ಹೊಳೆಗೆ ಬಿದ್ದಿದ್ದರು.

ಯಾಕೆಂದು ಜಿಪಾರಳಿಗೆ ನೋಟೀಸು ಕಂಡ ಕೂಡಲೇ ಹೊಳೆದಿತ್ತು. ತಂತ್ರಾಂಶವು ಮನೆಯ ಮಾಲೀಕರ ಹೆಸರು ಹಿಡಿದು ಒಂದೊಂದು ಮನೆಯನ್ನೂ ಹೊಸ ಜಾಗಕ್ಕೆ ಎತ್ತಿಡುತ್ತಿತ್ತು. ಸರ್ಕಾರದ ದಾಖಲೆಯಲ್ಲಿರುವ ಹೆಸರು ನಕ್ಷೆಯ ಮೇಲಿಲ್ಲದಿದ್ದರೆ ಆ ಮನೆಯನ್ನು ಮುಟ್ಟುತ್ತಿರಲಿಲ್ಲ. ಹಳೆಯ ನಕ್ಷೆಯನ್ನು ಕಂಪ್ಯೂಟರಿಗೆ ಏರಿಸುವಾಗ ಮಾವನ ಮನೆಯ ಮೇಲೆ ಅವಳು ಬರೆದದ್ದು 'ದೊಡ್ಡವರು' ಎಂದು. ಗಂಡನ ಕಡೆಯ ಹಿರಿಯರ ಹೆಸರು ಆ ನಾಡಿನ ಯಾವ ಸೊಸೆಯ ಬಾಯಲ್ಲೂ ಬರುವುದಿಲ್ಲ. ಬೆರಳಲ್ಲಿ ಬರಬಾರದೆಂದು ಯಾರೂ ಹೇಳಿರಲಿಲ್ಲ, ನಿಜ. ಆದರೆ ಜಿಪಾರಳ ಬೆರಳಿಗೂ ಬಾಯಿಗೂ ಹತ್ತಿರದ ನಂಟು. ಏನನ್ನೇ ಟೈಪ್ ಮಾಡಿದರೂ ಬಾಯಿಬಿಟ್ಟು ಓದಿಕೊಳ್ಳದಿದ್ದರೆ ಅವಳಿಗೆ ಸಮಾಧಾನವಿಲ್ಲ.

"ಯಂತ್ರ ಕೆಟ್ಟಿತ್ತಾ?" ಮಾವ ಕೇಳಿದರು.

"ಇಲ್ಲ ಆತಾ. ಅದಕ್ಕೆ ನಿಮ್ಮದು... ಸಿಗಲಿಲ್ಲ."

"ನನ್ನದು ಏನು ಸಿಗಲಿಲ್ಲ?"

ಜಿಪಾರ್ ತಲೆವಸ್ತ್ರವನ್ನು ಹಣೆಗೆ ಎಳೆದುಕೊಂಡಳು. ಜೆಂಗಿಷ್ ಪರದೆಗೆ ಇಣುಕಿದ, ಹೊಟ್ಟೆ ಹಿಡಿದುಕೊಂಡು ನಕ್ಕ. "ಹೆಸರು, ಆತಾ! ಅಕ್ಕ ಕಂಪ್ಯೂಟರಿಗೂ ನಿಮ್ಮ ಹೆಸರು ಹೇಳಿಲ್ಲ!"

ಮುದುಕರೂ ನಗುತ್ತಾರೆಂದುಕೊಂಡಿದ್ದ. ಅವರು ನಗಲಿಲ್ಲ. "ನಾನು ಹುಟ್ಟೋಕ್ಕೆ ಮುಂಚೆ ನಮ್ಮಪ್ಪ ವರ್ಷಕ್ಕೆರಡು ಸಲ ಡೇರೆ ಮನೇನ ಒಂಟೆ ಮೇಲೆ ಹೇರ್ಕೊಂಡು ಹೋಗ್ತಿದ್ದ. ಒಂದ್ಸಲಾನೂ ಹೊಳೇಲಿ ಇಳಿಸಿರಲಿಲ್ಲ," ಎಂದರು. "ಈಗೇನು ಮಾಡೋದು?"

ಜೆಂಗಿಷ್ ಕತ್ತು ಒಳಗೆಳೆದು, ಹೊಟ್ಟೆ ಮುಂದೆ ಮಾಡಿ, ಸಾಕ್ಷಾತ್ ಕಚೇರಿಯ ಮುಖ್ಯಸ್ಥನಾದ. "ಇವತ್ತು ಹನ್ನೆರಡು ಗಂಟೆಗೆ ನಕ್ಷೆ ರಾಜಧಾನಿ ಬಿಷ್ಕೆಕ್‌ಗೆ ಹೋಗುತ್ತೆ! ಹೋದ ಮೇಲೆ ಒಂದು ವರ್ಷ ಅದರ ಮೇಲೆ ನೊಣಾನೂ ಕೂರೋ ಹಾಗಿಲ್ಲ!" ಆಮೇಲೆ ತನ್ನ ದನಿಗೆ ಇಳಿದು, "ಎದ್ದೇಳಕ್ಕಾ, ನಾನು ಬರೀತೀನಿ. ನನಗೇನು ಇವರು ಮಾವನಾ?" ಎಂದ.

ಹನ್ನೆರಡಕ್ಕೆ ಹೆಚ್ಚು ಹೊತ್ತು ಇರಲಿಲ್ಲ. ಜಿಪಾರ್ 'ಸದ್ಯ, ಬದುಕಿದೆ' ಎಂದುಕೊಂಡು ಕುರ್ಚಿ ಬಿಟ್ಟು ಎದ್ದಳು.

"ಕೂತ್ಕೊ," ಎಂದರು ಮಾವ. "ಇವತ್ತು ಇವನು ಬರೀತಾನೆ. ನಾಳೆ ಇನ್ನೊಂದು ಹೊಸ ಯಂತ್ರ ಬರುತ್ತೆ, ಆಗ ಇವನು ಇರ್ತಾನೋ ಇಲ್ವೋ. ನೀನು ಮತ್ತೆ 'ದೊಡ್ಡವರು' ಅಂತ ಬರೆದು ನನ್ನನ್ನ ನೀರಿಗೆ ಹಾಕ್ತೀಯ. ನೀನೇ ಬರಿ."

"ಹೇಗೆ ಬರೀಲಿ ಆತಾ? ಅತ್ತೆ ಕೇಳಿದ್ರೆ ಏನಂತಾರೆ?"

"ನಿಮ್ಮತ್ತೆ ನನ್ನನ್ನ ಕರೆಯೋದೇ 'ಇಲ್ಲಿ ಕೇಳಿ' ಅಂತ. ಊರವರು 'ಹಿರಿಯರೇ' ಅಂತಾರೆ. ಜೊತೆಯವರೆಲ್ಲ ಮಣ್ಣಾದ್ರು. ಇನ್ನು ನನ್ನ ಹೆಸರು ಹಿಡಿದು ಕರೆಯೋರು ಅಂದ್ರೆ ಸರ್ಕಾರ ಒಂದೇ, ಅದೂ ಮನೆ ಬಿಡು ಅನ್ನೋಕೆ." ಹೀಗೆಂದವರೇ ತಲೆಯ ಮೇಲಿದ್ದ ಉದ್ದನೆಯ ಬಿಳಿ ಉಣ್ಣೆಟೊಪ್ಪಿಗೆಯನ್ನು ತೆಗೆದು, ಅದನ್ನೇ ಎರಡೂ ಕೈಯಿಂದ ಮುಖಕ್ಕೆ ಕವುಚಿಕೊಂಡು ಕೂತರು. ಒಳಗಿನಿಂದ ದನಿ ಬಂತು: "ಹೂಂ. ನಾನು ನೋಡಿಲ್ಲ, ನೀನು ಬರೆದಿಲ್ಲ."

ಜೆಂಗಿಷ್ ಕೂಡ, ಯಾಕೋ, ಕಿಟಕಿಯ ಕಡೆ ತಿರುಗಿಕೊಂಡ.

ಜಿಪಾರ್ 'ದೊಡ್ಡವರು' ಎಂಬುದನ್ನು ಅಳಿಸಿದಳು. ತುಟಿಯನ್ನು ಹಲ್ಲಿನಲ್ಲಿ ಕಚ್ಚಿಕೊಂಡೇ ಒಂದೊಂದು ಅಕ್ಷರ ಒತ್ತಿದಳು. ಕೊನೆಯ ಗುಂಡಿ ಒತ್ತಿದಾಗ ಮನೆ, ದೊಡ್ಡಿ, ಹೊಲ, ಗೇಟು ಒಟ್ಟಿಗೇ ಹೊಳೆಯಿಂದ ಎದ್ದು ದಡದ ಮೇಲೆ ತಮ್ಮ ಜಾಗದಲ್ಲಿ ಹೋಗಿ ಕೂತವು. ಅವಳಿಗೆ ಎಷ್ಟು ಹಗುರವಾಯಿತೆಂದರೆ ಕಚ್ಚಿದ ತುಟಿ ಬಿಟ್ಟುಹೋಯಿತು. ಹಾಳು ಅಭ್ಯಾಸ, ಪರದೆಯ ಮೇಲಿದ್ದ ಹೆಸರನ್ನು ಬಾಯಿ ತಾನಾಗಿ ಓದಿಬಿಟ್ಟಿತು.

"ಸಾತಿಬಾಲ್ದಿ."

"ಓ," ಎಂದಿತು ಟೊಪ್ಪಿಗೆ.