ನಾಲ್ಕು ಬೆರಳು ಕಡಿಮೆ

"ಹಾರಿಸ್ಲೇನ್ರೀ ಮೇಷ್ಟ್ರೇ?" ಎನ್ನುತ್ತ ಕೆಂಚಪ್ಪಗೌಡರು ಕೋವಿಯನ್ನು ಭುಜಕ್ಕೇರಿಸಿ ಧರ್ಮೇಶನ ಎದೆಗೆ ಗುರಿಯಿಟ್ಟರು. ಎಪ್ಪತ್ತು ದಾಟಿದರೂ ಗೌಡರ ಚೇಷ್ಟೆ ಮಾತ್ರ ಹಳೆಯದೇ. ಪಡಸಾಲೆಯ ಮೂಲೆಯಲ್ಲಿ ಕೂತಿದ್ದ ಕರಿಯಯ್ಯ ಊರುಗೋಲನ್ನೂ ಬಿಟ್ಟು ದಡಬಡನೆ ಎದ್ದು ಬಂದು ಮಗನಿಗೂ ಕೋವಿಗೂ ನಡುವೆ ನಿಂತ. "ಬ್ಯಾಡಿ ಬುದ್ದಿ, ಬ್ಯಾಡಿ! ತುಂಬೈತೆ!" ಎಂದು ಕೈ ಮುಗಿದ. ಗೌಡರು ಕುದುರೆ ಎಳೆದು ಬಿಟ್ಟರು. ಟಕ್ ಎಂದಿತು, ಅಷ್ಟೇ.

"ನೋಡಿದ್ರಾ! ಇನ್ನೂ ಹಂಗೇ ಅವ್ನೆ ಕಣ್ರೀ ನಿಮ್ಮಪ್ಪ!" ಗೌಡರು ಕೆಮ್ಮು ಬರುವಷ್ಟು ನಕ್ಕರು.

ಧರ್ಮೇಶನಿಗೆ ಮೈಯೆಲ್ಲ ಉರಿಯಿತು. "ಸುಮ್ನೆ ಕೂತ್ಕೋ ಅಪ್ಪ. ಈ ವಯಸ್ಸಲ್ಲೂ ಮಾನ ಕಳೀಬೇಡ," ಎಂದು ಗದರಿದ. ಕರಿಯಯ್ಯ ಕೂರಲಿಲ್ಲ.

ಮಾದಿಹಳ್ಳಿಯ ಗೌಡರ ಈ ಕೋವಿಯನ್ನು ಕೊಂಡು ಅರಸೀಕೆರೆಯ ತನ್ನ ಮನೆಗೆ ಒಯ್ಯಲು ಕಾಲೇಜು ಮೇಷ್ಟ್ರು ಧರ್ಮೇಶ ಒಂದು ವರ್ಷ ಡಿ.ಸಿ. ಆಫೀಸಿಗೆ ಅಲೆದು ಪರವಾನಗಿ ಮಾಡಿಸಿದ್ದ. ಹಳೆಯ ಕೋವಿ, ಮದ್ದಿನ ಕೊಂಬು, ಸೀಸದ ಚರೆಯ ಚೀಲ ಅಂತ ಕೂಡಿಡುವ ಹುಚ್ಚು ಅವನದು. ಆದರೆ ಇದು ಬೇಕಾಗಿದ್ದು ಆ ಹುಚ್ಚಿಗಲ್ಲ. ಅವನಿಗೆ ಎಂಟು ವರ್ಷವಿದ್ದಾಗ, ಆಯುಧಪೂಜೆಗೆಂದು ಕೋವಿಯನ್ನು ಅಂಗಳಕ್ಕೆ ತಂದಾಗಲೆಲ್ಲ ಗೌಡರು ಹೀಗೇ ಅವನಿಗೆ ಗುರಿ ಹಿಡಿಯುತ್ತಿದ್ದರು. ಗೌಡರ ಆಳಾಗಿದ್ದ ಅಪ್ಪ ಮಾಡುತ್ತಿದ್ದ ಕೆಲಸ ಬಿಸಾಕಿ ಓಡಿ ಬಂದು ಅಡ್ಡ ನಿಂತು ಗೋಗರೆಯುತ್ತಿದ್ದ. ಅಂಗಳವಿಡೀ ಬಿದ್ದು ಬಿದ್ದು ನಗುತ್ತಿತ್ತು. ಖಾಲಿ ಕೋವಿಗೆ ಹೆದರುವ ಪುಕ್ಕಲನ ಮಗ ಎಂದು ಶಾಲೆಯಲ್ಲೂ ಅಣಕಿಸಿದರು. ಛೆ, ಸುಮಾರು ನಲವತ್ತು ವರ್ಷವಾದರೂ ಆ ನಾಚಿಕೆ ಆರಿರಲಿಲ್ಲ. ಈ ಖಾಲಿ ಕೋವಿಯನ್ನು ತನ್ನ ಗೋಡೆಗೆ ನೇತುಹಾಕಿ, ಅಪ್ಪನ ಕೈಯಲ್ಲೇ ಮುಟ್ಟಿಸಿ, 'ಇಷ್ಟಕ್ಕೆ ಹೆದರಿದೆಯಾ?' ಎಂದು ಕೇಳಬೇಕಿತ್ತು. ಅದಕ್ಕೇ ಮುದುಕನನ್ನೂ ಕಾರಿನಲ್ಲಿ ಕೂರಿಸಿಕೊಂಡು ಬಂದಿದ್ದ.

"ಕೊಡಿ ಗೌಡ್ರೇ, ಒಂದ್ಸಲ ಗಜ ಇಳಿಸಿ ನೋಡ್ತೀನಿ," ಎಂದು ಕೋವಿ ಇಸಿದುಕೊಂಡ. ಗಜವೆಂದರೆ ಮದ್ದು ಜಡಿಯುವ ಕಬ್ಬಿಣದ ಕಡ್ಡಿ. ಹಳೆಯ ಕೋವಿ ಯಾವುದೇ ಕೈಗೆ ಬರಲಿ, ಮೊದಲು ಗಜ ಇಳಿಸಿ ಅಳೆಯುವುದು ಅವನ ಪದ್ಧತಿ. ನಳಿಗೆಯೊಳಗೆ ಇಳಿಸಿದ, ಬಾಯಿಯ ಹತ್ತಿರ ಉಗುರಿನಲ್ಲಿ ಗುರುತು ಹಿಡಿದ, ಹೊರಗೆಳೆದು ನಳಿಗೆಯ ಪಕ್ಕಕ್ಕೆ ಇಟ್ಟ. ಖಾಲಿ ಕೋವಿಯಾದರೆ ಗಜ ನಳಿಗೆಯ ಬುಡದವರೆಗೂ ಮುಟ್ಟಬೇಕು. ನಾಲ್ಕು ಬೆರಳು ಕಡಿಮೆ ಬಂತು.

ಎಲ್ಲೋ ಅಳತೆ ತಪ್ಪಿತು ಎಂದುಕೊಂಡು ಮತ್ತೊಮ್ಮೆ, ಈ ಸಲ ಮೆಲ್ಲಗೆ ಇಳಿಸಿದ. ಅದೇ ನಾಲ್ಕು ಬೆರಳು. ಗಜದ ತುದಿಗೆ ತೆಂಗಿನ ನಾರಿನ ಎರಡು ಎಳೆ ಅಂಟಿಕೊಂಡು ಬಂದವು. ಮದ್ದು ಸುರಿದ ಮೇಲೆ ಒತ್ತಿ ಕೂರಿಸುವ ನಾರು ಅದು. ಧರ್ಮೇಶ ನಳಿಗೆಯ ಬುಡಕ್ಕೆ ಬಡಿಯುವ ಕುದುರೆಯನ್ನು ಎತ್ತಿ ಹಿಡಿದು ಅಡಿಯಲ್ಲಿ ಇಣುಕಿದ. ಎಣ್ಣೆ, ಕುಂಕುಮ ಮೆತ್ತಿಕೊಂಡ ಒಂದು ಸಣ್ಣ ಗಂಟು. ಇಷ್ಟು ವರ್ಷ ಎಲ್ಲರೂ ಕೋವಿಯದೇ ಭಾಗ ಅಂದುಕೊಂಡಿದ್ದದ್ದು. ಉಗುರಿನಿಂದ ಮೀಟಿದರೆ ಅಂಗೈಗೆ ಬಿದ್ದದ್ದು ಮದ್ದಿಗೆ ಕಿಡಿ ಹೊತ್ತಿಸುವ, ಹಸಿರುಗಟ್ಟಿದ ತಾಮ್ರದ ಕೇಪು. ಕುದುರೆಯ ಏಟು ತಿಂದು ತಿಂದು ಅದರ ನೆತ್ತಿ ಚಪ್ಪಟೆಯಾಗಿತ್ತು.

"ಗೌಡ್ರೇ... ಕೇಪು ಇದೆ. ಒಳಗೆ ಮದ್ದೂ ಇದೆ. ಪೂಜೆ ಎಣ್ಣೆ ಕುಡಿದು ಕೇಪು ಸತ್ತಿರೋದಕ್ಕೆ ನಾವು ಬದುಕಿದೀವಿ."

"ಏನಂದ್ರಿ?" ಗೌಡರು ಕುರ್ಚಿಯ ಮೇಲೆ ಕುಸಿದರು. "ಅಯ್ಯಯ್ಯಪ್ಪೋ! ಎಲೆಕ್ಷನ್ ಬಂದಾಗೆಲ್ಲ ಇದನ್ನ ಸ್ಟೇಷನ್ನಿಗೆ ಒಪ್ಸಕ್ಕೆ ಅಂತ ಬಸ್ಸಲ್ಲಿ ತಗಂಡೋಗ್ತಿದ್ದೆ. ಇದರ ಬಾಯಿ ಮೇಲೆ ಗದ್ದ ಊರ್ಕಂಡು ನಿದ್ದೆ ಹೊಡ್ದಿವ್ನಲ್ರೀ! ಮೊನ್ನೆ ಹಬ್ಬದಾಗೆ ನಮ್ಮ ಮೊಮ್ಮಗಳು ತಬ್ಕಂಡು ಫೋಟೋ ತೆಗೆಸ್ಕಂಡ್ಳು..." ಗೌಡರು ಕರಿಯಯ್ಯನ ಕಡೆ ತಿರುಗಿದರು. "ಯಾವನ್ರೀ ತುಂಬಿದ್ದು?"

"ನಾನೇ ಬುದ್ದಿ," ಎಂದ ಕರಿಯಯ್ಯ. "ನಿಮ್ಮಪ್ಪೋರು ಹಂದಿ ಕಾಯಕ್ಕೆ ಹೊಂಟಾಗ ನಾನೇ ತುಂಬಿ ಕೊಟ್ಟಿದ್ದೆ. ಹಂದಿ ಬರ್ಲಿಲ್ಲ. ಮನೆಗೆ ಬಂದೋರು ಎದೆನೋವು ಅಂತ ಮಲಗಿದ್ರು, ಏಳ್ಲೇ ಇಲ್ಲ. ನೀವು ಕೋವೀನ ಹಂಗೇ ತಗಂಡೋಗಿ ಅವರ ಫೋಟೋ ಪಕ್ಕದಾಗೆ ನೇತಾಕಿದ್ರಿ."

"ಥೂ ನಿನ್ನ! ಬಾಯಿ ಬಿಟ್ಟು ಹೇಳಕ್ಕೇನ್ಲಾ ಆಗಿತ್ತು?"

"ಹೇಳ್ದೆ. ಪ್ರತಿ ವರ್ಷಾನೂ ಹೇಳ್ದೆ. ನೀವು ನಗಾಡಿದ್ರಿ."

"ನೀನೇ ತೆಗೆದು ಬಿಸಾಕ್ಬೋದಿತ್ತಲ್ಲೋ..."

"ನಾನು ಪೂಜೆ ಕೋವಿ ಮುಟ್ಟಂಗಿತ್ತಾ, ಒಳೀಕೆ ಬರಂಗಿತ್ತಾ ಬುದ್ದಿ?"

ಗೌಡರು ತಲೆ ತಗ್ಗಿಸಿದರು. ಕರಿಯಯ್ಯ ಆ ಪಡಸಾಲೆಗೆ ಮೊದಲ ಸಲ ಕಾಲಿಟ್ಟದ್ದೇ ಅವತ್ತು.

ಧರ್ಮೇಶ ಕೋವಿಯನ್ನು ಚಾಪೆಯ ಮೇಲೆ ಮಲಗಿಸಿದ. ಅಪ್ಪನ ಮುಖವನ್ನು ಇವತ್ತೇ ಮೊದಲು ನೋಡುತ್ತಿದ್ದೇನೆ ಅನ್ನಿಸಿತು. "ತುಂಬಿದೆ ಅಂತ ಗೊತ್ತಿದ್ದೂ ಅಡ್ಡ ಬರ್ತಿದ್ಯಾ?"

"ಇನ್ನೇನ್ಲಾ ಮಾಡ್ಲಿ? ಅದರ ಮುಂದೆ ನೀನು ನಿಂತಿರ್ತಿದ್ದೆ."

ಧರ್ಮೇಶನ ಕಣ್ಣು ತುಂಬಿಬಂತು. ಬಿದ್ದಿದ್ದ ಊರುಗೋಲನ್ನು ಎತ್ತಿ ಕೊಟ್ಟು, "ಕೂತ್ಕೋ ಅಪ್ಪ," ಎಂದ. ಈ ಸಲ ದನಿಯಲ್ಲಿ ಗದರಿಕೆ ಇರಲಿಲ್ಲ.

ಕರಿಯಯ್ಯ ಚಾಪೆಯ ಮೇಲಿದ್ದ ಕೋವಿಯಿಂದ ಕಣ್ಣು ಕೀಳದೆ ಹೇಳಿದ: "ಮೊದ್ಲು ಅದರ ಬಾಯಿ ಆ ಕಡೀಕೆ ತಿರುಗ್ಸು. ಇನ್ನೂ ನಿನ್ನೇ ನೋಡ್ತಾ ಐತೆ. ಆಮ್ಯಾಕೆ ಕೂರ್ತೀನಿ."