ಎರಡು ಡಬ್ಬಿಯ ಉಂಡೆ

ಹುಡುಗಿಯರ ಹಾಸ್ಟೆಲ್ಲಿನ ಉಂಡೆಯ ಹಣೆಬರಹ ಅಂದು ಯೋಜನೆಯ ಫಲ ಪರೀಕ್ಷಿಸುವ ಚಾರುಮತಿಯ ಒಂದು ಸಹಿಯಲ್ಲಿತ್ತು. ರಕ್ತಹೀನತೆ ನೀಗಲೆಂದು ಮಾಡಿಸಿದ ಉಂಡೆ ಅದು. ಕೆಂಪು ಡಬ್ಬಿಯದು ಕಬ್ಬಿಣದ ಸತ್ವ ಬೆರೆಸಿದ್ದು, ಮೇಲಿನ ಮಹಡಿಯವರಿಗೆ. ಹಳದಿ ಡಬ್ಬಿಯದು ಬರೀ ಶೇಂಗಾ ಬೆಲ್ಲದ್ದು, ಕೆಳಗಿನವರಿಗೆ. ಹೋಲಿಸಿ ನೋಡಲು ಹಾಗೆ ಎರಡು ಗುಂಪು ಮಾಡಿಸಿದವಳೂ ಅವಳೇ.

"ಮ್ಯಾಲಿನವರೊಳಗ ಹತ್ತಕ್ಕ ಎಂಟ ಮಂದಿ ರಕ್ತ ಸರಿ ಐತ್ರೀ ಮೇಡಂ," ಎಂದು ಯೋಜನೆ ನಡೆಸುವ ಜಿಲ್ಲೆಯ ಅಧಿಕಾರಿ ಅಂಗಲಾಚಿದರು. "ಇಡೀ ಜಿಲ್ಲೆಯಾಗ ನೋಡಿದ್ರ ಹತ್ತಕ್ಕ ಐದ ಮಂದೀದು. ಈ ಒಂದ ಗುಂಪಿನ ಲೆಕ್ಕ ಸಾಕಾಗೂದಿಲ್ಲೇನ್ರೀ?"

"ಸಾಕಾಗಲ್ಲ ಸಾರ್. ಇಲ್ಲಿನ ಊಟ, ನೀರು ಚೆನ್ನಾಗಿರೋದಕ್ಕೇ ಹಾಗಾಗಿರಬಹುದು. ಕೆಳಗಿನವರನ್ನ ನೋಡಿ, ಅವರಲ್ಲೂ ಎಂಟೇ. ಎರಡು ಗುಂಪಿಗೂ ವ್ಯತ್ಯಾಸವೇ ಇಲ್ಲ ಅಂದಮೇಲೆ ಕೆಂಪು ಉಂಡೆ ಮಾಡಿದ್ದೇನು?"

"ಒಮ್ಮೆ ನಿಂತ್ರ ಮತ್ತ ಮಂಜೂರಾಗೂದಿಲ್ರೀ."

"ಲೆಕ್ಕಕ್ಕೆ ಯಾರ ಮುಲಾಜೂ ಇರಲ್ಲ ಸಾರ್."

ಉಂಡೆ ನಿಲ್ಲಿಸಬೇಕೆಂಬ ವರದಿಗೆ ಚಾರುಮತಿ ಸಹಿ ಹಾಕಿದಳು. ಅಧಿಕಾರಿ ಕಾಗದ ತೆಗೆದುಕೊಂಡು ಜೀಪು ಹತ್ತಿದರು.

ಅಷ್ಟರಲ್ಲಿ ಊಟದ ಗಂಟೆಯಾಯಿತು. ಮೇಲಿನವರು, ಕೆಳಗಿನವರು ಒಂದೇ ಸಾಲಿನಲ್ಲಿ ಕುಳಿತರು. ಅಡುಗೆಯ ಗುರುಸಿದ್ದವ್ವ ದೊಡ್ಡ ಪರಾತದ ತುಂಬ ಉಂಡೆ ಹೊತ್ತು ತಂದಳು.

ಎಲ್ಲ ಉಂಡೆಯೂ ಒಂದೇ ಪರಾತದಲ್ಲಿರುವುದನ್ನು ಕಂಡು ಚಾರುಮತಿ ಅಡ್ಡ ಬಂದಳು. "ಇವು ಯಾವ ಡಬ್ಬಿಯವು?"

"ಎರಡೂ ಡಬ್ಬೀವು ರೀ ಯವ್ವಾ, ಮೊದಲಿಂದಾನೂ ಕೂಡಿಸೇ ಹಂಚತೀನಿ. ಒಂದ ಪಂಕ್ತ್ಯಾಗ ಕುಂತ ಮಕ್ಕಳಿಗೆ ಭೇದ ಮಾಡಿ ಬಡಿಸಿದ್ರ ಪಾಪ ಹತ್ತೂದಿಲ್ಲೇನು?"